ಕಾಲು ಸುತ್ತಿನ ತಿರುಪು

ಹೋದ ತಿಂಗಳು ಮನೆಯ ಮಿಕ್ಸಿ ಕೆಟ್ಟಿತು. ತಳ ಬಿಚ್ಚಲು ಸ್ಕ್ರೂ ಡ್ರೈವರ್ ಹುಡುಕುತ್ತಾ ಹಳೆಯ ಬಿಸ್ಕತ್ತಿನ ಡಬ್ಬ ಬೋರಲು ಹಾಕಿದೆ. ಮೊಳೆ, ವಾಷರ್, ತುಕ್ಕು ಹಿಡಿದ ನಟ್ಟುಗಳ ನಡುವೆ ಆ ತಿರುಪು ಬಂದು ಬಿತ್ತು. ಹೆಬ್ಬೆರಳ ಉಗುರಿನಷ್ಟು ಅಗಲದ ತಲೆ, ಕೆಳಗೊಂದು ಗಿಡ್ಡ ಕಾಂಡ. ತಲೆಯ ಮೇಲಿನ ನೀಲಿ ಬಣ್ಣ ಇಷ್ಟು ವರ್ಷ ಮೊಳೆಗಳಿಗೆ ಉಜ್ಜಿ ಸವೆದಿತ್ತು. ಅಡಿಯಲ್ಲಿ ಬಿಳಿ ಗೆರೆ... ಮೂರು.

ಅದನ್ನು ಕಡೆದವರು ನಂಜನಗೂಡಿನಲ್ಲಿ ಲೇತ್ ಇಟ್ಟುಕೊಂಡಿದ್ದ ಮೇಸ್ತ್ರಿ. ಹೊಟ್ಟೆಪಾಡಿಗೆ ಪಂಪ್‌ಸೆಟ್ ರಿಪೇರಿ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಕೈಯಾರೆ ಕಟ್ಟುತ್ತಿದ್ದ ಒಂಟಿ ಸೀಟಿನ ವಿಮಾನ. ತೊಂಬತ್ತರ ದಶಕದ ಕೊನೆ ಅದು. ಪೇಟೆಯವರಿಗೆಲ್ಲ ತಮಾಷೆ.

“ಮೇಸ್ತ್ರಿ, ತಾಂಡವಪುರಕ್ಕೆ ಒಂದ್ ಸೀಟ್ ಮಡಗಿರಿ, ಬಸ್ಸು ಬಲು ರಶ್ಶು” ಎನ್ನುವರು.

“ಇರಾದೇ ಒಂದ್ ಸೀಟು ಕಣ್ಲಾ, ಅದು ನಂದು. ನೀನು ರೆಕ್ಕೆ ಮ್ಯಾಲೆ ಕೂತ್ಕೊ” ಎನ್ನುವರು ಮೇಸ್ತ್ರಿ, ತಲೆಯೆತ್ತದೆ.

ನಾನಾಗ ಇಂಜಿನಿಯರಿಂಗ್ ಮುಗಿಸಿ ಬಂದಿದ್ದೆ. ಕವಲಂದೆಯ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಮನುಷ್ಯ ನಾನು. ಇದ್ದ ಒಂದೇ ಪ್ಯಾಂಟನ್ನು ಹಾಸ್ಟೆಲಿನಲ್ಲಿ ಒಗೆದು, ಹಸಿಯಾಗಿಯೇ ತೊಟ್ಟು ಓದಿ ಪಡೆದ ಪದವಿ. ಯಾರೂ ಬಿಟ್ಟಿ ಕೊಟ್ಟದ್ದಲ್ಲ. ಕೆಲಸ ಸಿಗುವವರೆಗೆ ಮೇಸ್ತ್ರಿಯ ರೆಕ್ಕೆಯ ಲೆಕ್ಕ ನೋಡಿಕೊಡಲು ಹೋಗುತ್ತಿದ್ದೆ. ಬಂದವರಿಗೆಲ್ಲ “ನಮ್ ಇಂಜಿನಿಯರು” ಎಂದು ನನ್ನನ್ನು ತೋರಿಸುವರು. ಆ ಮಾತು ಕೇಳಲೆಂದೇ ಹೋಗುತ್ತಿದ್ದೆನೇನೋ...

ವಿಮಾನದ ಇಂಜಿನ್ನಿನ ಮೇಲೊಂದು ಅಲ್ಯೂಮಿನಿಯಂ ಮುಚ್ಚಳ. ದಿನಾ ಬಿಚ್ಚಿ ಮುಚ್ಚಬೇಕಾದ್ದರಿಂದ ಅದಕ್ಕೆ ಮಾಮೂಲಿ ಸ್ಕ್ರೂ ಆಗದು. ಹನ್ನೆರಡು ಕಾಲು ಸುತ್ತಿನ ತಿರುಪುಗಳನ್ನು ಮೇಸ್ತ್ರಿ ತಾವೇ ಮಾಡಿ ಕೂರಿಸಿದ್ದರು. ಒತ್ತಿ ಬಲಕ್ಕೆ ಕಾಲು ಸುತ್ತು ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ತಂತಿಯನ್ನು ಕಚ್ಚಿ ‘ಟಕ್’ ಎನ್ನುತ್ತದೆ. ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕಚ್ಚದಿದ್ದರೂ ಕಚ್ಚಿದ ಹಾಗೇ ಕಾಣುವುದು ಅದರ ಮೋಸ. ಅದಕ್ಕೇ ಮೇಸ್ತ್ರಿ, ದಿನಾ ತಮ್ಮ ಹಣೆಗೆ ವಿಭೂತಿ ಎಳೆದುಕೊಳ್ಳುವ ಹಾಗೆ, ಸಣ್ಣ ಬ್ರಷ್ಷಿನಲ್ಲಿ ತಿರುಪಿನ ತಲೆಯಿಂದ ಮುಚ್ಚಳದವರೆಗೆ ಮೂರು ಬಿಳಿ ಗೆರೆ ಎಳೆದಿದ್ದರು. ಗೆರೆಗೆ ಗೆರೆ ಕೂಡಿದರೆ ತಿರುಪು ಕಚ್ಚಿದೆ ಎಂದು ಅರ್ಥ.

“ಕಿವಿಗೊಂದು ಸಾಕ್ಸಿ, ಕಣ್ಗೊಂದು ಸಾಕ್ಸಿ. ಎರಡ್ರಲ್ಲಿ ಒಂದ್ ಇಲ್ದಿದ್ರೂ ಇಂಜಿನ್ ಮುಟ್ಬ್ಯಾಡಿ ಕಣಪ್ಪ” ಎಂದಿದ್ದರು.

ಬೆಂಗಳೂರಿನಿಂದ ಒಬ್ಬ ನಿವೃತ್ತ ಪೈಲಟ್ ನೋಡಲು ಬರುವುದೆಂದಾಯಿತು. ಅವರು ಮೆಚ್ಚಿ ಒಂದು ಕಾಗದ ಬರೆದುಕೊಟ್ಟರೆ ಮಾತ್ರ ಹಾರಿಸಲು ಅರ್ಜಿ ಹಾಕಬಹುದಿತ್ತು. ಟಿ. ನರಸೀಪುರದ ದಾರಿಯ ಒಂದು ಬೀಳು ಹೊಲಕ್ಕೆ ವಿಮಾನವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದೆವು. ಹಾರಿಸುವುದಲ್ಲ, ನೆಲದ ಮೇಲೆ ಓಡಿಸಿ ತೋರಿಸುವುದು ಅಷ್ಟೇ. ಹಿಂದಿನ ದಿನ ಮೇಸ್ತ್ರಿ, ಸೋಸಲೆಗೆ ಕೊಟ್ಟಿದ್ದ ಮಗಳನ್ನು ಕರೆತರಲು ಹೋದರು.

ನನಗೆ ಆ ಗೆರೆಗಳು ನಾಚಿಕೆ. ಇಂಗ್ಲಿಷ್ ಮಾತಾಡುವ ದೊಡ್ಡ ಮನುಷ್ಯ ಬಂದು, ವಿಮಾನಕ್ಕೆ ವಿಭೂತಿ ಬಳಿದಿದ್ದಾರೆ ಎಂದು ನಗಬಾರದಲ್ಲ! ನೀಲಿ ಬಣ್ಣ ತಂದು ಮುಚ್ಚಳವನ್ನೆಲ್ಲ ಬಳಿದೆ, ತಿರುಪಿನ ತಲೆ ಸಮೇತ.

ಬೆಳಿಗ್ಗೆ ಮುಚ್ಚಳ ಹಾಕುವಾಗ ಗೊತ್ತಾಯಿತು. ತಿರುಪಿನ ಸೀಳಿನಲ್ಲಿ ಬಣ್ಣ ತುಂಬಿ ಸ್ಕ್ರೂ ಡ್ರೈವರ್ ಜಾರುತ್ತಿತ್ತು. ಹನ್ನೊಂದು ಟಕ್ ಅಂದವು. ವಿಮಾನದ ಮೂಗಿನ ಹತ್ತಿರದ್ದು ಅನ್ನಲಿಲ್ಲ. ನೋಡಿದರೆ ಉಳಿದವುಗಳ ಹಾಗೇ ಇದೆ. ಅಷ್ಟರಲ್ಲಿ ಪೈಲಟ್ಟರ ಕಾರು, ಹಿಂದೆಯೇ ಮಗಳೊಂದಿಗೆ ಮೇಸ್ತ್ರಿ.

ಮೇಸ್ತ್ರಿ ಮುಚ್ಚಳ ಸವರಿ, “ಗೆರೆ?” ಎಂದರು.

“ಚೆನ್ನಾಗಿ ಕಾಣಲಿ ಅಂತ...”

“ಎಲ್ಲಾ ಟಕ್ ಅಂದ್ವಾ?”

“ಅಂದ್ವು.”

ನನ್ನ ಮಾತಿನ ಮೇಲೆ ಹತ್ತಿ ಕೂತರು. ಇಂಜಿನ್ ಶುರುವಾಯಿತು, ವಿಮಾನ ಓಡಿತು. ಇನ್ನೂರು ಹೆಜ್ಜೆಯೂ ಹೋಗಿರಲಿಲ್ಲ. ಮೂಗಿನ ಕಡೆ ಮುಚ್ಚಳದಂಚು ಪಟಪಟನೆ ಅದುರಿ, ಗಾಳಿ ಒಳಹೊಕ್ಕು, ಮುಚ್ಚಳ ಎದ್ದು, ಮರದ ಪ್ರೊಪೆಲ್ಲರಿಗೆ ಬಡಿಯಿತು. ಚೂರುಗಳು ಹೊಲದ ತುಂಬ ಸಿಡಿದವು. ಮೇಸ್ತ್ರಿಗೆ ಏನೂ ಆಗಲಿಲ್ಲ. ಮೊದಲು ಓಡಿದವನು ನಾನೇ. ಕಿತ್ತು ಬಿದ್ದಿದ್ದ ತಿರುಪನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

“ಇದನ್ನು ಮುಚ್ಚಿದ್ದು ಯಾರು?” ಎಂದು ಪೈಲಟ್ ಕೇಳಿದರು.

ಮೇಸ್ತ್ರಿ ಒಂದು ಸಲ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ನಾನೇ ಸಾ. ಇವ್ರು ಇಂಜಿನಿಯರು, ಲೆಕ್ಕ ಮಾತ್ರ ನೋಡೋದು.”

“ಒಂದು ಮುಚ್ಚಳ ಹಾಕಲು ಬರದವರಿಗೆ ಆಕಾಶ ಯಾಕ್ರೀ?” ಎಂದರು ಪೈಲಟ್. ಕಾಗದ ಬರೆಯಲಿಲ್ಲ.

ವಾಪಸ್ ಬರುವಾಗ ಟ್ರೇಲರಿನಲ್ಲಿ ಮೇಸ್ತ್ರಿ ನನಗೆ ಹೇಳಿದ್ದು ಒಂದೇ ಮಾತು: “ಒಂದು ಟಕ್ ಅನ್ನಿಲ್ಲ ಅಂದಿದ್ರೆ ಸಾಕಿತ್ತು ಕಣಪ್ಪ.”

ಆಮೇಲೆ ನನಗೆ ಕಾರ್ಖಾನೆಯಲ್ಲಿ ಕೆಲಸವಾಯಿತು. ಅಲ್ಲಿ ಬಿಗಿಮಾಡಿದ ಬೋಲ್ಟುಗಳ ಮೇಲೆ ಬಿಳಿ ಗೆರೆ ಎಳೆಯುವುದನ್ನು ರೂಢಿಗೆ ತಂದೆ. ಮೇಲಿನವರು ಬೆನ್ನು ತಟ್ಟಿದರು. ಇದು ನಾನು ಕಲಿತದ್ದು ಯಾರಿಂದ ಎಂದು ಅಲ್ಲೂ ಬಾಯಿ ಬಿಡಲಿಲ್ಲ. ಮೇಸ್ತ್ರಿ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ಮೊನ್ನೆ ತಿರುಪನ್ನು ಜೇಬಿನಲ್ಲಿಟ್ಟುಕೊಂಡು ಸೋಸಲೆಗೆ ಹೋದೆ. ಮಗಳ ಹಿತ್ತಿಲಲ್ಲಿ ಬೋರ್‌ವೆಲ್ ಮೋಟರಿಗೆ ಮಳೆ ಬೀಳದಂತೆ ಅದೇ ಮುಚ್ಚಳ ಕವುಚಿತ್ತು. ಬಿಸಿಲಿಗೆ ನನ್ನ ನೀಲಿ ಚಕ್ಕೆಯೆದ್ದು ಉದುರಿತ್ತು. ಅಡಿಯಲ್ಲಿ ಮೇಸ್ತ್ರಿಯ ಗೆರೆಗಳು ಅಚ್ಚ ಬೆಳ್ಳಗೆ.

“ಗುಜರಿಯವ್ನು ಎರಡ್ ಸಲ ಕೇಳ್ದ, ಕೊಡ್ನಿಲ್ಲ” ಎಂದಳು ಮಗಳು, ನನಗೆಂದು ತಂದ ಕಾಫಿ ಲೋಟ ಹಿಡಿದು. “ನಿಮ್ಮಪ್ಪನ್ಗೆ ತಿರುಪು ಆಕಕ್ಕೂ ಬರ್ನಿಲ್ಲ ಅಂತ ಊರೋರೆಲ್ಲ ಆಡ್ಕೊಂಡ್ರು ಕಣಣ್ಣ. ಒಂದ್ ಸಲ ಸಿಟ್ನಲ್ಲಿ ನಾನೂ ಅಂದ್ಬುಟ್ಟೆ. ಸುಮ್ಕೆ ನಕ್ಬುಟ್ರು.”

ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.

“ಅವತ್ತು ಮುಚ್ಚಿದ್ದು ನಾನು ಕಣವ್ವ. ಇದು ಕಚ್ಚಿಲ್ಲ ಅಂತ ಗೊತ್ತಿತ್ತು.”

ಅವಳು ಬಗ್ಗಿ ತಿರುಪಿನ ಗೆರೆಗಳನ್ನು ನೋಡಿದಳು.

“ಅಪ್ಪನ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

ನನ್ನ ಅಂಗೈಯಿಂದ ತಿರುಪು ಎತ್ತಿಕೊಂಡು ಮುಚ್ಚಳದ ಅಂಚಿನ, ಅರ್ಧ ಹರಿದ ತೂತಿನಲ್ಲಿ ಇಟ್ಟಳು. ಬೆರಳಿನಿಂದಲೇ ತಿರುಗಿಸಿದಳು. ಗೆರೆಗೆ ಗೆರೆ ಕೂಡಿತು. ಟಕ್ ಎನ್ನಲಿಲ್ಲ. ಕಚ್ಚಿಕೊಳ್ಳಲು ಒಳಗೆ ಏನೂ ಇರಲಿಲ್ಲ.

“ಇದ್ ಇಲ್ಲೇ ಇರ್ಲಿ” ಎಂದಳು. ಕಾಫಿ ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು. “ನೀವೋಗಿ.”