ಹೋಲಿಕೆಗೆ ಸಿಕ್ಕ ಮಗು

ಎಂಬತ್ತರ ದಶಕದ ಆರಂಭದಲ್ಲಿ ಉಪ್ಪಾರಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಇಬ್ಬರು ಟೀಚರಮ್ಮಂದಿರು ಗಂಡ ಹೆಂಡಿರಂತೆ ಸಂಸಾರ ಮಾಡಿಕೊಂಡು ಒಬ್ಬ ಮಗಳನ್ನು ಸಾಕುತ್ತಿದ್ದರು. ಬೀದಿಗೆಲ್ಲ ಅದು ಗೊತ್ತಿತ್ತು; ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಇಂಥ ಮನೆಯ ಮಕ್ಕಳು ಹೇಗೆ ಬೆಳೆಯುತ್ತಾರೆಂದು ಸಂಶೋಧನೆ ಮಾಡಲು ಬೆಂಗಳೂರಿನಿಂದ ಒಬ್ಬಾಕೆ ಬಂದಳು. ಹೋಲಿಸಿ ನೋಡುವುದಕ್ಕೆ ಅಪ್ಪ ಇರುವ ಮನೆಯ ಮಗುವೂ ಬೇಕಿತ್ತಂತೆ. ನಾನು ಸಿಕ್ಕಿದೆ.

ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ನನಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಹಬ್ಬದ ಲಂಗ ತೊಡಿಸಿ ಕೂರಿಸಿದಳು. ಸಂಶೋಧಕಿ ನಮ್ಮಿಬ್ಬರಿಗೂ ಮನೆಯವರ ಚಿತ್ರ ಬರೆಯಲು ಹೇಳಿದಳು. ಪಕ್ಕದ ಮನೆಯವಳು ತನ್ನ ಇಬ್ಬರು ಅಮ್ಮಂದಿರನ್ನು ಬರೆದಳು. ನಾನು ಅಮ್ಮನನ್ನೂ, ಎರಡು ಕಾಲಿರುವ ಒಂದು ನ್ಯೂಸ್ ಪೇಪರನ್ನೂ ಬರೆದೆ. ಅದು ಅಪ್ಪ.

ಕೆಲವು ತಿಂಗಳಾದ ಮೇಲೆ ಆಕೆ ಮತ್ತೆ ಬಂದಳು. ಎಲ್ಲರೂ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಮಕ್ಕಳಿಬ್ಬರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂದಳು. ಟೀಚರಮ್ಮಂದಿರು ನಿರಾಳವಾಗಿ ನಕ್ಕರು. ಅಮ್ಮನ ಮುಖ ಮಾತ್ರ ಚಿಕ್ಕದಾಯಿತು. ಪೇಪರಿನ ಹಿಂದೆ ಕೂತಿದ್ದ ಅಪ್ಪನನ್ನು ಒಮ್ಮೆ ನೋಡಿ ಕೇಳಿದಳು:

"ಅಲ್ಲ ಕಣಮ್ಮ, ಹಂಗಾದ್ರೆ ಇಷ್ಟು ವರ್ಷ ಇವ್ರಿಗೆ ನಾನು ಮುದ್ದೆ ಕಟ್ಟಿ ಹಾಕಿದ್ದು ಯಾತಕ್ಕೆ?"