ಫ್ಯೂಸಿಗೆ ಸುತ್ತಿದ ಚಾಕೊಲೇಟ್ ಕಾಗದ

ಅಶೋಕಪುರಂನ ಕಾರ್ ಎಲೆಕ್ಟ್ರಿಷಿಯನ್ ನನ್ನ ಕಾರಿನ ಸ್ಟೀರಿಯೊ ಬಿಚ್ಚಿ, ಹಿಂದಿನ ವೈರನ್ನು ಎಳೆದು ತೋರಿಸಿದರು. ಗೇಣುದ್ದ ಸುಟ್ಟು ಕಪ್ಪಾಗಿತ್ತು. ಆಮೇಲೆ ಫ್ಯೂಸ್ ಕಿತ್ತು ನನ್ನ ಅಂಗೈ ಮೇಲಿಟ್ಟರು. ಅದಕ್ಕೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿತ್ತು.

“ಯಾವ ಮಹಾನುಭಾವ ಸಾರ್ ಇದನ್ನ ಸುತ್ತಿದ್ದು?” ಎಂದು ನಕ್ಕರು.

“ನಾನೇ. ಪದೇ ಪದೇ ಫ್ಯೂಸ್ ಹೋಗಿ ಹಾಡು ನಿಂತೋಗ್ತಿತ್ತು.”

ಅವರ ನಗು ನಿಂತಿತು. “ಫ್ಯೂಸ್ ಹೋಗೋದೇ ನಿಮ್ಮನ್ನ ಉಳ್ಸೋಕೆ ಕಣ್ರೀ. ಕಾಗದ ಸುತ್ತಿದ್ರೆ ಅದು ಹೋಗಲ್ಲ, ವೈರೇ ಹೊತ್ಕೊಳ್ಳುತ್ತೆ. ಈ ಪಕ್ಕದ ಸೀಟಲ್ಲಿ ಯಾರು ಕೂತ್ಕೋತಾರೆ?”

ಅಮ್ಮ. ಮಂಡಿನೋವಿನಿಂದಾಗಿ, ನಾನು ಕೈ ಹಿಡಿಯದೆ ಅವರು ಕಾರಿನಿಂದ ಇಳಿಯಲಾರರು. ಸುಟ್ಟ ವಾಸನೆ ಬರುತ್ತಿದೆ ಎಂದು ಎರಡು ಸಲ ಹೇಳಿದ್ದರು. ನಾನು ಕಿಟಕಿಯ ಗಾಜು ಇಳಿಸಿ ಸುಮ್ಮನಾಗಿದ್ದೆ.

ಈಗ ಸ್ಟೀರಿಯೊ ಸರಿಯಾಗಿದೆ. ಆದರೂ ಅಮ್ಮ ಕೂತ ಮೇಲೆ, ಹಾಡು ಹಾಕುವ ಮೊದಲು ಕೇಳುತ್ತೇನೆ: “ಏನಾದ್ರೂ ವಾಸನೆ ಬರ್ತಿದೆಯೇನಮ್ಮ?”