ತೇಲುಕಟ್ಟೆಯ ಮೇಲೊಂದು ಗಾಜಿನ ಕೋಣೆ

ನೌಕಾಪಡೆಗಾಗಿ ನಡುಸಮುದ್ರದಲ್ಲಿ ನಿಲ್ಲುವ ತೇಲುಕಟ್ಟೆಗಳ ನಕ್ಷೆ ಹಾಕುವುದು ನನ್ನ ಕೆಲಸ. ಅವುಗಳ ಮೇಲೆ ಹೆಲಿಕಾಪ್ಟರ್ ಇಳಿಯುತ್ತದೆ, ಪಕ್ಕಕ್ಕೆ ದೋಣಿಗಳು ಬಂದು ನಿಲ್ಲುತ್ತವೆ. ಅಲೆ ಎಷ್ಟೇ ಓಲಾಡಿಸಿದರೂ ಕಟ್ಟೆ ಮತ್ತೆ ನೆಟ್ಟಗಾಗಬೇಕು. ಹಾಗಾಗಬೇಕಾದರೆ ಭಾರ ಆದಷ್ಟೂ ಕೆಳಗಿರಬೇಕು.

ನಾನು ಮುಗಿಸಿಕೊಟ್ಟಿದ್ದ ನಕ್ಷೆಯ ನೆತ್ತಿಗೆ ನಮ್ಮ ಕಚೇರಿಯ ಮುಖ್ಯಸ್ಥರು ಎರಡಂತಸ್ತಿನ ಗಾಜಿನ ಕೋಣೆ ಕೂರಿಸಿದರು. ಭೇಟಿಗೆ ಬರುವ ದೊಡ್ಡವರು ಕುಳಿತು ಸಮುದ್ರ ನೋಡಲಿಕ್ಕಂತೆ! ಕೆಳಗಿನ ಭಾರ ಮಾತ್ರ ಇದ್ದಷ್ಟೇ. ಈದ್‌ಗೆಂದು ನಮ್ಮೂರು ಉಮದಿಗೆ ಬಂದಿದ್ದ ನಾನು ಫೋನಿನಲ್ಲೇ ವಿರೋಧಿಸಿದೆ.

"ನಿಮ್ಮ ಊರಲ್ಲಿ ಹಳ್ಳಕ್ಕೂ ನೀರಿರೋದಿಲ್ಲ. ಸಮುದ್ರದ ವಿಷಯ ನಮಗೆ ಬಿಡಿ, ಸಹಿ ಹಾಕಿ," ಎಂದು ನಕ್ಕರು.

ಮೈಯೆಲ್ಲ ಉರಿಯಿತು. ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿದ್ದರೆ ಸಹಿಸುತ್ತಿದ್ದೆ. ಅವರು ಹುಡುಕಿದ್ದು ನನ್ನ ಊರನ್ನು.

ನನ್ನ ಅಬ್ಬಾ ತಗಡಿನ ಕೆಲಸದವರು, ಕಾಳಿನ ಡಬ್ಬಿ ಮಾಡಿ ಮಾರುತ್ತಾರೆ. ನನ್ನ ಮುಖ ನೋಡಿ, "ಅಳತಿ ಹೇಳು, ಸಣ್ಣದೊಂದು ಮಾಡೇ ನೋಡೂಣು," ಎಂದರು. ಇಬ್ಬರೂ ಕೂಡಿ ಮಾದರಿ ಬೆಸೆದು, ಹತ್ತಿರದ ಕರಜಗಿಯ ಪರಿಚಯದವರ ದಾಳಿಂಬೆ ತೋಟದ ಹೊಂಡದಲ್ಲಿ ತೇಲಿಬಿಟ್ಟೆವು. ಅಬ್ಬಾ ಕೋಲಿನಿಂದ ನೂಕಿದರು. ವಾಲಿದ ಕಟ್ಟೆ ತಾನಾಗಿ ಎದ್ದು ನಿಂತಿತು. ಕೋಣೆಯನ್ನೂ ಇಟ್ಟು ಮತ್ತೆ ನೂಕಿದರು. ಈ ಸಲ ವಾಲಿದ್ದು ಏಳಲೇ ಇಲ್ಲ, ಮಗುಚಿಕೊಂಡಿತು.

"ಇದರ ಮ್ಯಾಲ ಮಂದಿ ಇರ್ತಾರೇನು?"

"ಇರ್ತಾರ, ಅಬ್ಬಾ."

"ಹಂಗಾರ ನೀ ಸಹಿ ಹಾಕಬ್ಯಾಡ. ನೌಕರಿ ಹೋದ್ರ ಹೋಗ್ಲಿ."

ಲೆಕ್ಕವನ್ನೂ ಹೊಂಡದಲ್ಲಿ ತೆಗೆದ ವಿಡಿಯೊವನ್ನೂ ಮುಖ್ಯಸ್ಥರಿಗೆ ಕಳಿಸಿದೆ. "ಹೊಂಡದಾಟ ಇಲ್ಲಿ ತರಬೇಡಿ," ಎಂದು ಉತ್ತರ ಬಂತು. ನಾನು ಸಹಿ ಹಾಕಲಿಲ್ಲ. ನನ್ನನ್ನು ಆ ಕೆಲಸದಿಂದ ತೆಗೆದರು. ಕೆಲವು ತಿಂಗಳ ನಂತರ ಕೃತಕ ಅಲೆ ಎಬ್ಬಿಸುವ ತೊಟ್ಟಿಯಲ್ಲಿ ದೊಡ್ಡ ಮಾದರಿಯ ಪರೀಕ್ಷೆ ನಡೆಯಿತು. ಅದೂ ಹಾಗೆಯೇ ಮಗುಚಿತು. ನಕ್ಷೆಯಿಂದ ಕೋಣೆ ಹೋಯಿತು.

ಮುಂದಿನ ಸಭೆಯಲ್ಲಿ ಮುಖ್ಯಸ್ಥರು, "ನನಗೆ ಮೊದಲಿನಿಂದಲೂ ಸಂಶಯವಿತ್ತು," ಎಂದರು. ಎದ್ದು ನಿಂತು, "ಸುಳ್ಳು," ಎಂದೆ. ಕೆಲಸ ನನಗೆ ಮರಳಿ ಬಂತು, ಕ್ಷಮೆಯ ಮಾತು ಬರಲಿಲ್ಲ. ಅದಕ್ಕಾಗಿ ನಾನು ಕಾಯುತ್ತಲೂ ಇಲ್ಲ. ಆದರೆ ಸಮಯ ಉಳಿಸಲು ಆ ತೊಟ್ಟಿಯ ಪರೀಕ್ಷೆಯನ್ನೇ ಕೈಬಿಡುವ ಮಾತು ನಡೆದಿತ್ತೆಂದು ಆಮೇಲೆ ತಿಳಿಯಿತು. ನಾಲ್ಕು ಜನ ದೊಡ್ಡವರ ನೋಟಕ್ಕಾಗಿ ನಾವಿಕರ ಜೀವವನ್ನು ಅಷ್ಟು ಅಗ್ಗವಾಗಿ ಕಂಡದ್ದರ ಸಿಟ್ಟು ನನಗೆ ಇಂದಿಗೂ ಆರಿಲ್ಲ.